ಹುರಿಯಾಳನ್ನು ಆರಿಸುವವರು ಯಾರು?

ಅಮೆರಿಕದ ಪೌರತ್ವ ಪಡೆದ ನಮ್ಮ ಮನೆಗಳ ಮಕ್ಕಳು ಒಂದೇ ಸ್ಥಾನಕ್ಕೆ ಎರಡು ಬಾರಿ ಮತ ಹಾಕುವರೆಂದು ಕೇಳಿ ಇಲ್ಲಿಯ ಹಿರಿಯರು ಬೆರಗಾಗುವುದುಂಟು. ಅಲ್ಲಿ ರಾಷ್ಟ್ರದ ಸಂಸತ್ತಿನ ಎರಡೂ ಸದನಗಳಿಗೆ ಪಕ್ಷದ ಹುರಿಯಾಳು ಯಾರಾಗಬೇಕೆಂಬುದನ್ನು ಮೊದಲು ಆಯಾ ರಾಜ್ಯದ ಮತದಾರರೇ ಗೊತ್ತುಮಾಡುತ್ತಾರೆ. ಇದೇ ಪ್ರಾಥಮಿಕ ಚುನಾವಣೆ. ಕೆಲವು ರಾಜ್ಯಗಳಲ್ಲಿ ಆ ಪಕ್ಷಕ್ಕೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಈ ಹಕ್ಕು. ಎದುರಾಳಿ ಪಕ್ಷಗಳ ಹುರಿಯಾಳುಗಳ ನಡುವಣ ಸ್ಪರ್ಧೆ ಅನಂತರ, ನವೆಂಬರಿನಲ್ಲಿ.

ನಮ್ಮಲ್ಲಿ ಆ ಮೊದಲನೆಯ ಮತ ಯಾರ ಕೈಯಲ್ಲಿದೆ? ಕುಮಟಾ ತಾಲ್ಲೂಕಿನ ಮಿರ್ಜಾನವನ್ನೇ ನೋಡೋಣ. ಅಘನಾಶಿನಿಯ ತೀರದ ಈ ಊರೂ ಘಟ್ಟದ ಮೇಲಣ ಕಿತ್ತೂರು, ಖಾನಾಪುರಗಳೂ ಸೇರಿ, ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಒಬ್ಬರೇ ಲೋಕಸಭಾ ಸದಸ್ಯರು. ಕಡಲ ಮೀನುಗಾರನಿಗೂ ಕಿತ್ತೂರಿನ ಒಕ್ಕಲಿಗೂ ಅವರೇ ಪ್ರತಿನಿಧಿ. 2024ರಲ್ಲಿ, ಆರು ಬಾರಿ ಗೆದ್ದಿದ್ದ ಅನಂತಕುಮಾರ ಹೆಗಡೆಯವರನ್ನು ಬಿಟ್ಟು ಭಾರತೀಯ ಜನತಾ ಪಕ್ಷವು ವಿಶ್ವೇಶ್ವರ ಹೆಗಡೆ ಕಾಗೇರಿಯವರನ್ನು ನಿಲ್ಲಿಸಿತು. ಕಾಂಗ್ರೆಸ್ಸು ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳ್ಕರ್ ಅವರನ್ನು. ಕಾಗೇರಿಯವರು ಗೆದ್ದರು. ಇವರ ಯೋಗ್ಯತೆಯ ಮಾತು ಇಲ್ಲಿಲ್ಲ. ಆದರೆ ಎರಡೂ ಹೆಸರು ಪಕ್ಷದ ವರಿಷ್ಠರಿಂದ ಬಂದವು; ಮೇ 7ರಂದು ಮತಗಟ್ಟೆಗೆ ನಡೆದವರ ಪಾಲಿಗೆ ಆಯ್ಕೆಯ ಅರ್ಧ ಕೆಲಸ ಅದಾಗಲೇ ಮುಗಿದಿತ್ತು. ಪಕ್ಷದ ಪದಾಧಿಕಾರಿ ಸಹಿ ಮಾಡಿದ ಎ ಮತ್ತು ಬಿ ನಮೂನೆಗಳು ಸಕಾಲಕ್ಕೆ ಚುನಾವಣಾಧಿಕಾರಿಯ ಕೈ ಸೇರದೆ ಪಕ್ಷದ ಚಿಹ್ನೆ ಯಾರಿಗೂ ದೊರೆಯದು. ಈ ಕಾಗದಗಳೇ ನಮ್ಮ ಪ್ರಾಥಮಿಕ ಚುನಾವಣೆ!

ಬೇರೆ ದಾರಿಯನ್ನು ಯಾರೂ ಯತ್ನಿಸಲಿಲ್ಲವೆಂದಲ್ಲ. 2014ರಲ್ಲಿ ರಾಹುಲ್ ಗಾಂಧಿಯವರ ಆಸಕ್ತಿಯಿಂದ ಕಾಂಗ್ರೆಸ್ಸು ಕೆಲವು ಕ್ಷೇತ್ರಗಳಲ್ಲಿ ಆಂತರಿಕ ಮತದಾನ ನಡೆಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಕ್ಷೇತ್ರಗಳು ಆರಿಸಲ್ಪಟ್ಟವು. ಮಂಗಳೂರಿನಲ್ಲಿ ಹರ್ಷ ಮೊಯಿಲಿಯವರನ್ನು ಜನಾರ್ದನ ಪೂಜಾರಿಯವರು ಸೋಲಿಸಿದರು, ಬೆಂಗಳೂರಿನಲ್ಲಿ ಸಿ. ನಾರಾಯಣಸ್ವಾಮಿಯವರು ಗೆದ್ದರು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಚುನಾಯಿತ ಪ್ರತಿನಿಧಿಗಳು ಮುಂತಾದವರೇ ಹೊರತು ಸಾಮಾನ್ಯ ಮತದಾರರಲ್ಲ. ಮುಂದೆ ಇಬ್ಬರೂ ಸೋತರು, ಪ್ರಯೋಗವೂ ನಿಂತಿತು. ಸೋಲನ್ನು ಪದ್ಧತಿಯ ತಲೆಗೆ ಕಟ್ಟುವುದು ನ್ಯಾಯವೆಂದು ನನಗೆ ತೋರದು. ಆ ವರ್ಷ ವರಿಷ್ಠರೇ ಆರಿಸಿದ ಎಷ್ಟೋ ಕಾಂಗ್ರೆಸ್ಸಿಗರೂ ಸೋತಿದ್ದರು.

ಚಿಹ್ನೆಯ ಹಂಗಿಲ್ಲದೆ ಗೆದ್ದವರೂ ಈ ಜಿಲ್ಲೆಯಲ್ಲಿದ್ದರು. ಚುಟುಕು ಕವಿ ದಿನಕರ ದೇಸಾಯಿಯವರು 1967ರಲ್ಲಿ ಪಕ್ಷೇತರರಾಗಿ ಇಲ್ಲಿಂದಲೇ ಲೋಕಸಭೆಗೆ ಹೋದರು. ಅನಂತರ ಇಲ್ಲಿ ಪಕ್ಷೇತರರು ಗೆದ್ದಿಲ್ಲ. ಬಾಗಿಲಂತೂ ಮುಚ್ಚಿಲ್ಲ: ಠೇವಣಿ 25,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ಎಲ್ಲರೂ ಕ್ಷೇತ್ರದ ಮತದಾರರಾಗಿರಬೇಕು. ಮಿರ್ಜಾನದ ಒಂದೇ ಕೇರಿಯಲ್ಲಿ ಆ ಹತ್ತು ಸಹಿಗಳು ಸಿಕ್ಕಾವು.