ಹಳೆಯ ತಂಡ, ಹೊಸ ಆಲ್ಬಂ, ಕೇಳುಗರ ತಕ್ಕಡಿ

ಬಹುಕಾಲ ದೂರವಿದ್ದ ನೆಂಟನೊಬ್ಬ ಮನೆಗೆ ಬಂದರೆ "ಇವನು ಸ್ವಲ್ಪವೂ ಬದಲಾಗಿಲ್ಲ" ಎಂದು ಒಬ್ಬರು ಹೇಳುತ್ತಾರೆ, "ಗುರುತೇ ಸಿಗಲಿಲ್ಲವಲ್ಲ" ಎಂದು ಇನ್ನೊಬ್ಬರು. ನೋಡಿದ ಮುಖ ಒಂದೇ. 2010ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಒಂದು ಹಳೆಯ ಸಂಗೀತ ತಂಡಕ್ಕೆ ಆದದ್ದೂ ಇದೇ. ತಂಡದ ಹೆಸರು 'ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್', ಎಂದರೆ ಕತ್ತಲೆಯಲ್ಲಿ ವಾದ್ಯವೃಂದದ ಕವಾಯತು. ಇಷ್ಟುದ್ದದ ಹೆಸರಿನೊಂದಿಗೆ ಹೆಣಗಲಾರದ ಅಭಿಮಾನಿಗಳು ಅದನ್ನು ಓಎಂಡಿ ಎನ್ನುತ್ತಾರೆ. 14 ವರ್ಷ ಒಂದೂ ಹೊಸ ಆಲ್ಬಂ ಕೊಡದೆ ಇದ್ದ ಈ ತಂಡ ಆ ತಿಂಗಳು 'ಹಿಸ್ಟರಿ ಆಫ್ ಮಾಡರ್ನ್' ಎಂಬ 13 ಹಾಡುಗಳ ಆಲ್ಬಮನ್ನು ಹೊರತಂದಿತು. ಕೇಳುಗರು ಅದಕ್ಕೆ ಕೊಟ್ಟ ತೀರ್ಪುಗಳು ಒಂದಕ್ಕೊಂದು ತಾಳೆಯಾಗದಷ್ಟು ಬೇರೆಬೇರೆಯಾಗಿದ್ದವು. ಮಕ್ಕಳು ಕೇಳುವ ಹಾಡಿನ ವಿಷಯಕ್ಕೆ ವಾರಕ್ಕೊಮ್ಮೆಯಾದರೂ ಚಕಮಕಿ ನಡೆಯುವ ಮನೆಗಳವರಿಗೆ ಈ ಪ್ರಸಂಗ ಉಪಯೋಗಕ್ಕೆ ಬಂದೀತು.

ಓಎಂಡಿ ಹುಟ್ಟಿದ್ದು ಲಿವರ್‌ಪೂಲ್ ನಗರಕ್ಕೆ ನದಿಯಾಚೆ ಇರುವ ವಿರಲ್ ಪ್ರದೇಶದಲ್ಲಿ. 1975ರಲ್ಲಿ ಆಂಡಿ ಮ್ಯಾಕ್‌ಕ್ಲಸ್ಕಿ ಎಂಬ 16ರ ಹುಡುಗ ಲಿವರ್‌ಪೂಲಿನಲ್ಲಿ ಜರ್ಮನಿಯ 'ಕ್ರಾಫ್ಟ್‌ವರ್ಕ್' ತಂಡದ ಕಾರ್ಯಕ್ರಮ ನೋಡಿದ. ವೇದಿಕೆಯ ಮೇಲೆ ಗಿಟಾರ್ ಹಿಡಿದು ಕುಣಿಯುವವರಿಲ್ಲ, ಯಂತ್ರಗಳ ಮುಂದೆ ನಿಂತ ನಾಲ್ವರು ಮಾತ್ರ. ಹುಡುಗನ ತಲೆ ತಿರುಗಿತು. ಅವನ ಗೆಳೆಯ ಪಾಲ್ ಹಂಫ್ರೀಸನಿಗೆ ಎಲೆಕ್ಟ್ರಾನಿಕ್ಸ್ ಹುಚ್ಚು; ಹಳೆಯ ರೇಡಿಯೊ ಬಿಚ್ಚಿ ಅದರ ಬಿಡಿಭಾಗಗಳಿಂದ ಸದ್ದು ಮಾಡುವ ಪೆಟ್ಟಿಗೆಗಳನ್ನು ತಾನೇ ಕಟ್ಟುತ್ತಿದ್ದ. ಅಂಚೆಯಲ್ಲಿ ಸಾಮಾನು ತರಿಸುವ ಅಮ್ಮನ ಕ್ಯಾಟಲಾಗಿನಿಂದ, ವಾರದ ಕಂತಿನ ಮೇಲೆ, ಒಂದು ಅಗ್ಗದ ಕೊರ್ಗ್ ಸಿಂಥಸೈಜರ್ ಕೊಂಡರು. (ಆ ತಾಯಿಯ ತಾಳ್ಮೆಯನ್ನು ಓದುಗ ತಾಯಂದಿರು ಊಹಿಸಿಕೊಳ್ಳಬೇಕು.) 1978ರಲ್ಲಿ ಮೊದಲ ಕಾರ್ಯಕ್ರಮ. ಡ್ರಮ್ ಬಾರಿಸುವವರಿಲ್ಲದ ಕೊರತೆಯನ್ನು ಒಂದು ಟೇಪ್ ರೆಕಾರ್ಡರ್ ತುಂಬಿತು. ಅದಕ್ಕೆ ವಿನ್‌ಸ್ಟನ್ ಎಂದು ನಾಮಕರಣವೂ ಆಯಿತು.

ಸಿಂಥಸೈಜರನ್ನು ಮುಖ್ಯ ವಾದ್ಯವಾಗಿಟ್ಟುಕೊಂಡ ಇಂಥ ಹಾಡುಗಾರಿಕೆಗೆ ಸಿಂಥ್‌ಪಾಪ್ ಎಂದು ಹೆಸರು. ವೀಣೆಯಲ್ಲಿ ತಂತಿ ಕಂಪಿಸುತ್ತದೆ, ಕೊಳಲಿನಲ್ಲಿ ಗಾಳಿಯ ಕಂಬ. ಸಿಂಥಸೈಜರಿನಲ್ಲಿ ಕಂಪಿಸುವುದು ವಿದ್ಯುತ್ತು. ಆಂದೋಲಕ ಎಂಬ ಮಂಡಲ ಸೆಕೆಂಡಿಗೆ, ಉದಾಹರಣೆಗೆ, 440 ಸಲ ಏರಿಳಿಯುವ ವೋಲ್ಟೇಜನ್ನು ಹುಟ್ಟಿಸುತ್ತದೆ. ಆ ಅಲೆ ಗರಗಸದ ಹಲ್ಲಿನ ಆಕಾರದಲ್ಲಿದ್ದರೆ ಮೂಲ ಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕದ ಉಪಸ್ವರಗಳೆಲ್ಲ ಬೆರೆತಿರುತ್ತವೆ. ಚೌಕಾಕಾರದ ಅಲೆಯಾದರೆ ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯವು ಮಾತ್ರ. ಬೇಡದ ಉಪಸ್ವರಗಳನ್ನು ಸೋಸಿ ತೆಗೆದರೆ ದನಿಯ ಬಣ್ಣ ಬದಲಾಗುತ್ತದೆ. ನಮ್ಮ ಸಂಗೀತ ಪಾಠದ ಮನೆಗಳಲ್ಲಿ ಗುಂಯ್‌ಗುಡುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೂ ಇದೇ ಕುಟುಂಬದ್ದು. ಆದರೆ ಹಳೆಯ ಸಿಂಥಸೈಜರುಗಳಿಗೆ ಒಂದು ದೌರ್ಬಲ್ಯವಿತ್ತು. ಒಳಗಿನ ಭಾಗಗಳು ಬಿಸಿಯಾದಂತೆ ಶ್ರುತಿ ಅತ್ತಿತ್ತ ಜರುಗುತ್ತಿತ್ತು. ಕಂಪ್ಯೂಟರಿನಲ್ಲಿ ಹುಟ್ಟುವ ಇಂದಿನ ಸ್ವರ ಹಾಗೆ ಜರುಗುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಓಎಂಡಿಯ ಹಾಡುಗಳ ವಿಷಯಗಳೂ ವಿಜ್ಞಾನದ ಪಠ್ಯಪುಸ್ತಕದಿಂದ ಎದ್ದು ಬಂದಂತಿದ್ದವು. 1979ರ ಮೊದಲ ಹಾಡು 'ಎಲೆಕ್ಟ್ರಿಸಿಟಿ' ಇಂಧನದ ದುಂದುವೆಚ್ಚವನ್ನು ಕುರಿತದ್ದು. 1980ರ 'ಎನೋಲಾ ಗೇ' 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಹಾಕಿದ ವಿಮಾನದ ಹೆಸರು. ಪೈಲಟ್ ತನ್ನ ತಾಯಿಯ ಹೆಸರನ್ನೇ ಆ ವಿಮಾನಕ್ಕೆ ಇಟ್ಟಿದ್ದ. ರಾಗ ಕೇಳಿದರೆ ಕಾಲು ತಾಳ ಹಾಕುತ್ತದೆ, ಅರ್ಥ ತಿಳಿದರೆ ಕಾಲು ನಿಲ್ಲುತ್ತದೆ. 1981ರ ಆಲ್ಬಂ 'ಆರ್ಕಿಟೆಕ್ಚರ್ ಅಂಡ್ ಮೊರಾಲಿಟಿ' ಲಕ್ಷಗಟ್ಟಲೆ ಮಾರಾಟವಾಯಿತು.

ಅನಂತರ ಬಂದದ್ದು 1983ರ 'ಡ್ಯಾಜಲ್ ಶಿಪ್ಸ್'. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಹಡಗುಗಳಿಗೆ ಅಡ್ಡಾದಿಡ್ಡಿ ಪಟ್ಟೆಗಳನ್ನು ಬಳಿಯುತ್ತಿದ್ದರು. ಹಡಗನ್ನು ಬಚ್ಚಿಡುವುದು ಇದರ ಉದ್ದೇಶವಲ್ಲ. ಅದು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಸಾಗಿದೆ ಎಂದು ಗುರಿಯಿಡುವ ಶತ್ರು ಜಲಾಂತರ್ಗಾಮಿಯವರಿಗೆ ಅಂದಾಜು ಸಿಗಬಾರದು, ಅಷ್ಟೆ. ಆಲ್ಬಂ ಕೂಡ ಕೇಳುಗರನ್ನು ಹಾಗೆಯೇ ಗಲಿಬಿಲಿಗೊಳಿಸಿತು. ಶಾರ್ಟ್‌ವೇವ್ ರೇಡಿಯೊದ ತುಣುಕುಗಳು, ನಾನಾ ದೇಶಗಳ ದೂರವಾಣಿ ಗಡಿಯಾರಗಳು ಸಮಯ ಹೇಳುವ ದನಿ, ಮಾತಾಡುವ ಆಟಿಕೆಯ ಸದ್ದು, ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಹಾಡು. ಹಿಂದಿನ ಆಲ್ಬಮನ್ನು ಪ್ರೀತಿಸಿದವರಲ್ಲಿ ಬಹುಪಾಲು ಜನ ಇದನ್ನು ತಿರಸ್ಕರಿಸಿದರು. ತಂಡ ಹೆದರಿತು. 1984ರ ಮುಂದಿನ ಆಲ್ಬಮಿನಲ್ಲಿ ಪ್ರಯೋಗಗಳಿಗೆ ಕಡಿವಾಣ ಬಿತ್ತು, ಜನ ಒಪ್ಪುವ ಹಾಡುಗಳು ಬಂದವು. ಕೇಳುಗರ ಅಭಿಪ್ರಾಯ ಗಾಳಿಯಲ್ಲಿ ಆಡಿ ಬಿಟ್ಟ ಮಾತಲ್ಲ, ಅದು ಎದುರಿನವರ ದಾರಿಯನ್ನೇ ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

1989ರಲ್ಲಿ ತಂಡ ಒಡೆಯಿತು. ಮ್ಯಾಕ್‌ಕ್ಲಸ್ಕಿ ಅದೇ ಹೆಸರಿನಲ್ಲಿ 1996ರವರೆಗೆ ಎಳೆದು ನಿಲ್ಲಿಸಿದರು. 2007ರಲ್ಲಿ ಹಳೆಯ ನಾಲ್ವರು ಮತ್ತೆ ಸೇರಿ 1981ರ ಆಲ್ಬಮನ್ನು ವೇದಿಕೆಯಲ್ಲಿ ಪೂರ್ತಿಯಾಗಿ ನುಡಿಸಿದಾಗ ಸಭಾಂಗಣಗಳು ತುಂಬಿದವು. ಹಳೆಯದನ್ನು ಹಾಡಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಹೊಸದನ್ನು ಮುಂದಿಟ್ಟಾಗ ಪರೀಕ್ಷೆ.

'ಹಿಸ್ಟರಿ ಆಫ್ ಮಾಡರ್ನ್' ಕೇಳಿ ಒಂದು ಗುಂಪು ಸಂತೋಷಪಟ್ಟಿತು, ತಂಡ ಹಳೆಯ ದನಿಯಲ್ಲೇ ಹಾಡಿದೆ ಎಂದು. 'ಸಿಸ್ಟರ್ ಮೇರಿ ಸೇಸ್' ಎಂಬ ಹಾಡು 'ಎನೋಲಾ ಗೇ'ಯ ಸ್ವಂತ ತಂಗಿಯಂತೆ ಇದೆ. ಇನ್ನೊಂದು ಗುಂಪು ಬೇಸರಪಟ್ಟದ್ದೂ ಅದೇ ಕಾರಣಕ್ಕೆ: ಮೂವತ್ತು ವರ್ಷದ ಹಿಂದಿನ ದನಿಯೇ ಆದರೆ ಹೊಸ ಆಲ್ಬಂ ಯಾಕೆ? 'ಪಲ್ಸ್' ಎಂಬ ಕುಣಿತದ ಹಾಡು ಮಾತ್ರ ಎರಡೂ ಗುಂಪುಗಳಲ್ಲಿ ಅನೇಕರಿಗೆ ಇರಿಸುಮುರಿಸು ತಂದಿತು. ಐವತ್ತರ ಗಂಡಸರು ಇಪ್ಪತ್ತರವರ ಅಂಗಿ ತೊಟ್ಟಂತಿದೆ ಅದು. 13 ಹಾಡು ಹೆಚ್ಚಾಯಿತು, ಹತ್ತಕ್ಕೆ ನಿಲ್ಲಿಸಬಹುದಿತ್ತು ಎಂಬ ಮಾತೂ ಬಂತು, ಅದು ನ್ಯಾಯವಾದ ಮಾತು. ಇವಲ್ಲದೆ, ಹಳೆಯ ಸಿಂಥ್‌ಪಾಪ್ ತಂಡ ಯಾವುದೇ ಹೊಸ ಆಲ್ಬಂ ತಂದರೂ ಕೇಳಿಬರುವ ದೂರೊಂದಿದೆ: ದನಿ ತೀರ ಶುಭ್ರ, ಹಿಂದಿನ ಬೆಚ್ಚನೆಯ ಗುಣ ಇಲ್ಲ ಎಂಬುದು. ಇದು ಬರೀ ಭ್ರಮೆಯಲ್ಲ. ಬಿಸಿಗೆ ಶ್ರುತಿ ಜರುಗುತ್ತಿದ್ದ ಎರಡು ಆಂದೋಲಕಗಳು ಒಟ್ಟಿಗೆ ನುಡಿದಾಗ ಕಂಪನಾಂಕಗಳ ಸಣ್ಣ ವ್ಯತ್ಯಾಸದಿಂದ ದನಿ ಮೆಲ್ಲಗೆ ಅಲೆಅಲೆಯಾಗುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ವಿಸ್ಪಂದ ಎನ್ನುತ್ತಾರೆ. ಅಂದು ದೋಷವಾಗಿದ್ದದ್ದು ಇಂದು ರುಚಿಯಾಗಿದೆ.

ಉಳಿದ ತೀರ್ಪುಗಳು ಹಾಡನ್ನು ಅಳೆದವೋ ಕೇಳುಗರನ್ನೇ ಅಳೆದವೋ ಎಂಬುದು ಯೋಚಿಸಬೇಕಾದ ಸಂಗತಿ. 1981ರಲ್ಲಿ 16 ವರ್ಷದವನಾಗಿದ್ದ ಕೇಳುಗ 2010ರಲ್ಲಿ 45ರ ಗೃಹಸ್ಥ. ಹದಿಹರೆಯದಲ್ಲಿ ಮತ್ತು ಯೌವನದ ಆರಂಭದಲ್ಲಿ ನಡೆದದ್ದು ಉಳಿದ ಕಾಲದ್ದಕ್ಕಿಂತ ದಟ್ಟವಾಗಿ ನೆನಪಿನಲ್ಲಿ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಹಾಡುಗಳಿಗೂ ಇದು ಅನ್ವಯಿಸುತ್ತದೆ. ಅಮೆರಿಕದ ರಾಬರ್ಟ್ ಜಾಯಾಂಕ್ 1968ರಲ್ಲಿ ತೋರಿಸಿಕೊಟ್ಟದ್ದು ಇನ್ನೊಂದು: ಯಾವುದನ್ನೇ ಆಗಲಿ ಪದೇ ಪದೇ ಕಂಡರೆ ಅಷ್ಟರಿಂದಲೇ ಅದರ ಮೇಲೆ ಒಲವು ಬೆಳೆಯುತ್ತದೆ. ಹಳೆಯ ಹಾಡನ್ನು ಸಾವಿರ ಸಲ ಕೇಳಿದ ಕಿವಿ ಹೊಸ ಹಾಡನ್ನು ಎರಡು ಸಲ ಕೇಳಿ ತೂಗುತ್ತದೆ. ಅದರ ಮೇಲೆ, ಹಳೆಯವುಗಳಲ್ಲಿ ಕಾಲದ ಜರಡಿ ಹಿಡಿದು ಉಳಿಸಿದ ಐದಾರು ಹಾಡುಗಳಷ್ಟೇ ತಕ್ಕಡಿಯ ಒಂದು ತಟ್ಟೆಯಲ್ಲಿವೆ. ಇನ್ನೊಂದರಲ್ಲಿ ಜರಡಿ ಕಾಣದ 13. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ಹೀಗೆ ಹೋಲಿಕೆ ಮಾಡಿದರೆ ರೆಕಾರ್ಡ್ ಪುಸ್ತಕ ವಾಪಸು ಬರುತ್ತದೆ.

ಹಾಗಾದರೆ ಪಟ್ಟಿಯಲ್ಲಿ ಸಿಕ್ಕ ಸ್ಥಾನವನ್ನು ನಂಬಬಹುದೆ? ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ 'ಹಿಸ್ಟರಿ ಆಫ್ ಮಾಡರ್ನ್' 28ನೇ ಸ್ಥಾನ ಮುಟ್ಟಿತು. ಸೋತ ಆಲ್ಬಂ ಎಂದು ಹೆಸರಾದ 'ಡ್ಯಾಜಲ್ ಶಿಪ್ಸ್' 1983ರಲ್ಲಿ 5ನೇ ಸ್ಥಾನದಲ್ಲಿತ್ತು! ಹಿಂದಿನ ಆಲ್ಬಮಿನ ಮೇಲಿನ ಪ್ರೀತಿಯಿಂದ ಕೇಳದೆಯೇ ಕೊಂಡವರಿಂದ ಮೊದಲ ವಾರಗಳ ಸ್ಥಾನ, ಕೇಳಿದ ಮೇಲೆ ಕುಸಿತ. ಅಲ್ಲದೆ ಸ್ಥಾನವೆಂದರೆ ಪ್ರಮಾಣವಲ್ಲ. ತರಗತಿಗೆ ಮೊದಲಿಗನಾದವನ ಅಂಕ 95 ಇರಬಹುದು, 60 ಇರಬಹುದು; ಎರಡೂ ಮೊದಲ ಸ್ಥಾನವೇ. ಅಂಕಪಟ್ಟಿ ನೋಡುವ ತಂದೆತಾಯಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೃಷ್ಟವಶಾತ್ ಈ ಸಲ ತಂಡ ಹೆದರಲಿಲ್ಲ. 2013ರ 'ಇಂಗ್ಲಿಷ್ ಎಲೆಕ್ಟ್ರಿಕ್' ಜನರನ್ನು ಓಲೈಸುವುದನ್ನು ಬಿಟ್ಟು 'ಡ್ಯಾಜಲ್ ಶಿಪ್ಸ್'ನ ದಾರಿಗೆ ಹೊರಳಿತು. ಹಾಡುಗಳ ನಡುವೆ ಯಂತ್ರದ ಮಾತುಗಳು, ಬಿಡಿ ಸದ್ದುಗಳು ಮರಳಿದವು. ಮೂರು ವರ್ಷದ ಹಿಂದೆ ಗೊಣಗಿದ್ದವರಲ್ಲಿ ಅನೇಕರು ಇದನ್ನು ಮೆಚ್ಚಿಕೊಂಡರು, ಸ್ಥಾನವೂ 12ಕ್ಕೆ ಏರಿತು. 2017ರ 'ದ ಪನಿಶ್‌ಮೆಂಟ್ ಆಫ್ ಲಕ್ಷುರಿ' 4ನೇ ಸ್ಥಾನ ಮುಟ್ಟಿತು, 2023ರ 'ಬೌಹೌಸ್ ಸ್ಟೇರ್‌ಕೇಸ್' 2ನೆಯದನ್ನು. ಈ ಕೊನೆಯದರಲ್ಲಿ ಮನುಷ್ಯ ಭೂಮಿಯ ಮೇಲೆ ಒತ್ತಿದ ಗುರುತುಗಳನ್ನು ಕುರಿತ 'ಆಂಥ್ರೊಪೊಸೀನ್' ಎಂಬ ಹಾಡೂ ಇದೆ. ಅರವತ್ತು ದಾಟಿದರೂ ಪಠ್ಯಪುಸ್ತಕದ ಚಟ ಹೋಗಿಲ್ಲ.

ಇನ್ನು ಆ ತಿರಸ್ಕೃತ 'ಡ್ಯಾಜಲ್ ಶಿಪ್ಸ್' ಏನಾಯಿತು? 2008ರಲ್ಲಿ ಅದು ಮರುಮುದ್ರಣಗೊಂಡಾಗ ವಿಮರ್ಶಕರು ಹೊಗಳಿದರು. 1983ರಲ್ಲಿ ಇನ್ನೂ ಹುಟ್ಟಿರದ ಕೇಳುಗರು ಅದನ್ನು ಹುಡುಕಿ ಕೊಂಡರು. ಅವರಿಗೆ ಹೋಲಿಸಿ ನಿರಾಶರಾಗಲು ಹಿಂದಿನ ಆಲ್ಬಮಿನ ನೆನಪು ಇರಲಿಲ್ಲ. 2016ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಂಡ ಅದನ್ನು ಮೊದಲಿನಿಂದ ಕೊನೆಯವರೆಗೆ, ರೇಡಿಯೊ ತುಣುಕು, ಗಡಿಯಾರದ ದನಿಗಳ ಸಮೇತ ನುಡಿಸಿತು. 'ಪಲ್ಸ್' ಹಾಡಿಗೂ ಮುಂದೆ ಅಂಥ ಭಾಗ್ಯ ಬಂದೀತೆ? ಸದ್ಯಕ್ಕಂತೂ ಲಕ್ಷಣ ಕಾಣುತ್ತಿಲ್ಲ.