ಟ್ರೇಲರ್ ಟಯರಿಗೆ ಎಂಥ ಕಂಪ್ರೆಸರ್? ಬೆಲೆಗಿಂತ ಮೊದಲು ನೋಡಬೇಕಾದ ಲೆಕ್ಕ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವ್ಯಾಪಾರವು ಚಕ್ರದ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ಭತ್ತ, ಮೆಕ್ಕೆಜೋಳ, ಶುಂಠಿ, ಅಡಿಕೆ, ಅನಾನಸ್ ಇವೆಲ್ಲವೂ ಹೊಲ ತೋಟಗಳಿಂದ ಗಿರಣಿಗೆ, ಮಂಡಿಗೆ, ಎಪಿಎಂಸಿ ಪ್ರಾಂಗಣಕ್ಕೆ ಬರುವುದು ಬಹುಮಟ್ಟಿಗೆ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ. ಅಲ್ಲಿಂದ ಶಿವಮೊಗ್ಗಕ್ಕೋ ಸಾಗರಕ್ಕೋ ದೂರದ ಪೇಟೆಗಳಿಗೋ ಹೋಗುವುದು ಲಾರಿಗಳಲ್ಲಿ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿ.ಮೀ. ದಾರಿ. ಸುಗ್ಗಿಯ ದಿನಗಳಲ್ಲಿ ಈ ದಾರಿಯ ಮಧ್ಯೆ ಒಂದು ಟಯರ್ ಒಡೆದರೆ ನಷ್ಟವಾಗುವುದು ಟಯರಿನ ಬೆಲೆಯಷ್ಟೇ ಅಲ್ಲ. ಹಮಾಲರ ಕೂಲಿ, ಬದಲಿ ವಾಹನದ ಬಾಡಿಗೆ, ತಪ್ಪಿದ ಹರಾಜು, ಕೆಲವೊಮ್ಮೆ ಚಾಲಕನ ಪ್ರಾಣ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ.

ಈ ಹಿನ್ನೆಲೆಯಲ್ಲಿ ಅನೇಕ ವ್ಯಾಪಾರಸ್ಥರು ಮತ್ತು ಸಣ್ಣ ಕೈಗಾರಿಕೆಗಳ ಮಾಲೀಕರು ಸ್ವಂತಕ್ಕೊಂದು ಸಾಗಿಸಬಲ್ಲ ಗಾಳಿ ಕಂಪ್ರೆಸರ್ ಕೊಳ್ಳುವ ಆಲೋಚನೆಯಲ್ಲಿರುವುದು ಸ್ವಾಭಾವಿಕ. ಆದರೆ ಖರೀದಿಯ ಸಮಯದಲ್ಲಿ ಬಹುತೇಕರು ವಿಚಾರಿಸುವುದು ಎರಡೇ ಪ್ರಶ್ನೆ: ಬೆಲೆ ಎಷ್ಟು, ಗರಿಷ್ಠ ಒತ್ತಡ ಎಷ್ಟು ಪಿ.ಎಸ್.ಐ. ಈ ಎರಡೂ ಪ್ರಶ್ನೆಗಳಿಗೆ ಸಿಗುವ ಉತ್ತರ ಕೊಳ್ಳುವವರನ್ನು ದಾರಿ ತಪ್ಪಿಸುವ ಸಂಭವವೇ ಹೆಚ್ಚು. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ.

ಕಾರಿನ ಗಾಳಿ ಬೇರೆ, ಹೊರೆಯ ಗಾಳಿ ಬೇರೆ

ಕಾರಿನ ಟಯರಿಗೆ ಸಾಮಾನ್ಯವಾಗಿ 30ರಿಂದ 35 ಪಿ.ಎಸ್.ಐ. ಒತ್ತಡ ಸಾಕು. ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟಯರಿಗೆ ಅದಕ್ಕಿಂತಲೂ ಕಡಿಮೆ. ಆದರೆ ಅದೇ ಟ್ರ್ಯಾಕ್ಟರ್ ಎಳೆಯುವ ಟ್ರೇಲರಿನ ಟಯರು ಗಾತ್ರದಲ್ಲಿ ಚಿಕ್ಕದಾದರೂ ಹೊರೆಯನ್ನೆಲ್ಲ ಹೊರುವುದು ಅದೇ. ಅಳತೆ ಮತ್ತು ಪ್ಲೈ ಸಂಖ್ಯೆಯನ್ನು ಅನುಸರಿಸಿ ಅದಕ್ಕೆ ಕಾರಿನ ಟಯರಿನ ಎರಡು ಮೂರು ಪಟ್ಟು ಒತ್ತಡ ಬೇಕಾಗುತ್ತದೆ. ಲಾರಿಯ ಟಯರುಗಳಲ್ಲಿ 100ರಿಂದ 120 ಪಿ.ಎಸ್.ಐ. ಸಾಮಾನ್ಯ. ನಿಖರವಾದ ಅಂಕಿಯನ್ನು ಟಯರಿನ ಪಕ್ಕದ ಬರಹದಿಂದ ಹಾಗೂ ತಯಾರಕರ ಪಟ್ಟಿಯಿಂದ ತಿಳಿಯಬೇಕೇ ಹೊರತು ಕೋಲಿನಿಂದ ತಟ್ಟಿ ನೋಡಿ ಅಲ್ಲ. ಕೆಲವು ಗೇಜುಗಳು ಕೆ.ಜಿ. ಲೆಕ್ಕದಲ್ಲಿ, ಕೆಲವು ಬಾರ್ ಲೆಕ್ಕದಲ್ಲಿ ಒತ್ತಡ ತೋರಿಸುತ್ತವೆ. ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಎಂದರೆ ಸುಮಾರು 14.2 ಪಿ.ಎಸ್.ಐ., ಒಂದು ಬಾರ್ ಎಂದರೆ ಸುಮಾರು 14.5 ಪಿ.ಎಸ್.ಐ. ಎಂಬುದು ನೆನಪಿನಲ್ಲಿರಬೇಕು.

ಗಾಳಿ ಕಡಿಮೆಯಾದ ಟಯರು ಹೊರೆ ಬಿದ್ದಾಗ ಪಕ್ಕಕ್ಕೆ ಬಾಗುತ್ತದೆ. ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುವಾಗ ಒಳಗಿನ ಪದರಗಳು ಬಿಸಿಯಾಗುತ್ತವೆ. ಬಿಸಿಯಿಂದ ಪದರಗಳು ಬಿಡುತ್ತವೆ. ಕೊನೆಗೆ ಟಯರು ಒಡೆಯುತ್ತದೆ. ಲಾರಿಯಿಂದ ತೆಗೆದ ಹಳೆಯ ಟಯರನ್ನೋ ರೀಟ್ರೆಡ್ ಮಾಡಿದ ಟಯರನ್ನೋ ಟ್ರೇಲರಿಗೆ ಹಾಕುವ ರೂಢಿ ಇರುವ ಕಡೆ ಈ ಅಪಾಯ ಇಮ್ಮಡಿ. ಹಾಗೆಂದು ಹೆಚ್ಚು ಹೊರೆಗೆ ಹೆಚ್ಚು ಗಾಳಿ ತುಂಬುವುದು ಪರಿಹಾರವಲ್ಲ. ಟಯರಿನ ಮಿತಿಯನ್ನು ಗಾಳಿಯಿಂದ ಹಿಗ್ಗಿಸಲಾಗದು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿಮೀರಿದ ಹೊರೆಗೆ 20,000 ರೂ. ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ದಂಡ ವಿಧಿಸಲು ಅವಕಾಶವಿದೆ ಎಂಬುದನ್ನೂ ಮರೆಯಲಾಗದು.

ಪೆಟ್ಟಿಗೆಯ ಮೇಲಿನ ಅಂಕಿಯ ಮರ್ಮ

ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟಿನ ಪುಟ್ಟ ಯಂತ್ರಗಳ ಪೆಟ್ಟಿಗೆಯ ಮೇಲೆ 150 ಪಿ.ಎಸ್.ಐ. ಎಂದು ಮುದ್ರಿಸಿರುತ್ತಾರೆ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಅದು ಆ ಯಂತ್ರ ಮುಟ್ಟಬಲ್ಲ ತುತ್ತತುದಿಯ ಒತ್ತಡ ಮಾತ್ರ. ಆ ಮಟ್ಟದಲ್ಲಿ ಅದರಿಂದ ಹೊರಬರುವ ಗಾಳಿ ಬಲು ಅತ್ಯಲ್ಪ. 10 ಆಂಪಿಯರಿನ ಸಾಕೆಟ್ಟಿನಿಂದ ಸಿಗುವ ಶಕ್ತಿ 120 ವ್ಯಾಟ್. ಎರಡು ಅಶ್ವಶಕ್ತಿಯ ಮೋಟಾರಿನದು ಸುಮಾರು 1,500 ವ್ಯಾಟ್. ಇವೆರಡರಿಂದ ಒಂದೇ ಕೆಲಸ ನಿರೀಕ್ಷಿಸುವುದು ಸರಿಯಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಟ್ರೇಲರಿನ ಒಂದು ಟಯರಿನೊಳಗಿನ ಜಾಗ 80 ಲೀಟರ್ ಎಂದಿಟ್ಟುಕೊಂಡರೆ, ಅದರ ಒತ್ತಡವನ್ನು 70ರಿಂದ 100 ಪಿ.ಎಸ್.ಐ.ಗೆ ಏರಿಸಲು ಹೊರಗಿನ ಸುಮಾರು 165 ಲೀಟರ್ ಗಾಳಿಯನ್ನು ಒಳಗೆ ತುಂಬಬೇಕು. ನಾಲ್ಕು ಟಯರಿಗೆ 660 ಲೀಟರ್. ಈ ಒತ್ತಡದಲ್ಲಿ ನಿಮಿಷಕ್ಕೆ 12 ಲೀಟರ್ ಕೊಡುವ ಯಂತ್ರಕ್ಕೆ ಈ ಕೆಲಸಕ್ಕೆ 55 ನಿಮಿಷ ಹಿಡಿಯುತ್ತದೆ. ಅಂಥ ಪುಟ್ಟ ಯಂತ್ರಗಳಲ್ಲಿ ಅನೇಕವನ್ನು ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ಆರಲು ಬಿಡಬೇಕಾಗುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ನಿಮಿಷಕ್ಕೆ 100 ಲೀಟರ್, ಅಂದರೆ ಸುಮಾರು ಮೂರೂವರೆ ಸಿ.ಎಫ್.ಎಂ. ಕೊಡುವ ಯಂತ್ರಕ್ಕಾದರೆ ಏಳು ನಿಮಿಷ ಸಾಕು. ಸುಗ್ಗಿಯಲ್ಲಿ ಗೇಟಿನ ಮುಂದೆ ಟ್ರೇಲರುಗಳು ಸಾಲುಗಟ್ಟಿ ನಿಂತಾಗ ಈ ವ್ಯತ್ಯಾಸವೇ ಹಣ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಬೇಕಾದ ಒತ್ತಡದಲ್ಲಿ ಈ ಯಂತ್ರ ನಿಮಿಷಕ್ಕೆ ನಿಜವಾಗಿ ಎಷ್ಟು ಗಾಳಿ ಕೊಡುತ್ತದೆ? ಇಲ್ಲಿಯೂ ಎಚ್ಚರ ಅಗತ್ಯ. ಪಿಸ್ಟನ್ ತಳ್ಳುವ ಗಾಳಿಯ ಲೆಕ್ಕ ಒಂದು, ಟಯರಿಗೆ ಸಿಗುವ ಗಾಳಿಯ ಲೆಕ್ಕ ಇನ್ನೊಂದು. ಎರಡನೆಯದು ಯಾವಾಗಲೂ ಕಡಿಮೆ. ಬರಹದಲ್ಲಿ ಪಡೆಯಬೇಕಾದ್ದು ಎರಡನೆಯದನ್ನು.

ಎರಡನೆಯ ಪ್ರಶ್ನೆ ಇದಕ್ಕಿಂತ ಮುಖ್ಯ, ಆದರೆ ಅದನ್ನು ಕೇಳುವವರು ವಿರಳ. ಟ್ಯಾಂಕ್ ಇರುವ ಕಂಪ್ರೆಸರಿನಲ್ಲಿ ಮೋಟಾರು ಒಂದು ಒತ್ತಡದಲ್ಲಿ ತಾನೇ ನಿಲ್ಲುತ್ತದೆ, ಇನ್ನೊಂದು ಒತ್ತಡಕ್ಕೆ ಇಳಿದಾಗ ಮಾತ್ರ ಮತ್ತೆ ಓಡುತ್ತದೆ. ಪೇಟೆಯಲ್ಲಿ ಸುಲಭವಾಗಿ ಸಿಗುವ 8 ಬಾರ್ ಯಂತ್ರವು ಸುಮಾರು 116 ಪಿ.ಎಸ್.ಐ.ನಲ್ಲಿ ನಿಂತು, 6 ಬಾರ್ ಅಂದರೆ 87 ಪಿ.ಎಸ್.ಐ. ಆಸುಪಾಸಿನಲ್ಲಿ ಮರಳಿ ಚಾಲೂ ಆಗುತ್ತದೆ. ಟಯರಿಗೆ 100 ಬೇಕೆನ್ನಿ. ಟ್ಯಾಂಕಿನ ಒತ್ತಡ 95ಕ್ಕೆ ಇಳಿದಾಗ ಮೋಟಾರು ಇನ್ನೂ ಮಲಗಿಯೇ ಇರುತ್ತದೆ. ಟಯರು 95ರಲ್ಲಿಯೇ ಉಳಿಯುತ್ತದೆ. ಕೆಲಸಗಾರ ತುಂಬಿತೆಂದು ನಾಜಲ್ ತೆಗೆಯುತ್ತಾನೆ. ಯಂತ್ರ ಕೆಟ್ಟಿಲ್ಲ, ಕೆಲಸಗಾರನ ತಪ್ಪಿಲ್ಲ, ಆದರೂ ಟಯರಿನಲ್ಲಿ ಗಾಳಿ ಕಡಿಮೆ. ಟಯರಿಗೆ ಬೇಕಾದ ಒತ್ತಡಕ್ಕಿಂತ ಯಂತ್ರ ಮರಳಿ ಚಾಲೂ ಆಗುವ ಒತ್ತಡವೇ ಹತ್ತು ಹದಿನೈದು ಪಿ.ಎಸ್.ಐ. ಮೇಲಿರಬೇಕು ಎಂಬುದು ಸರಳ ಸೂತ್ರ. ಇದರಂತೆ 100 ಪಿ.ಎಸ್.ಐ. ಟಯರಿಗೆ 10 ಬಾರ್ ಯಂತ್ರವೂ, ಲಾರಿಯ 110ರಿಂದ 120 ಪಿ.ಎಸ್.ಐ. ಟಯರಿಗೆ ಎರಡು ಹಂತದಲ್ಲಿ ಗಾಳಿ ಒತ್ತುವ 12 ಬಾರ್ ಯಂತ್ರವೂ ತಕ್ಕವು.

ಸ್ಥಳೀಯ ಪರಿಸ್ಥಿತಿ

ಯಂತ್ರ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಅದರ ಬಗೆ ನಿರ್ಧಾರವಾಗಬೇಕು. ಗಿರಣಿಯ ಆವರಣದಲ್ಲಿ ತ್ರೀ ಫೇಸ್ ಸಂಪರ್ಕವಿದ್ದರೆ ಅದೇ ಉತ್ತಮ. ಸಿಂಗಲ್ ಫೇಸಿನಲ್ಲಿ, ಅದೂ ವೋಲ್ಟೇಜ್ ಇಳಿದ ಸಂಜೆಯ ಹೊತ್ತಿನಲ್ಲಿ, ಎರಡು ಅಶ್ವಶಕ್ತಿಯ ಮೋಟಾರು ಗುಂಯ್‌ಗುಟ್ಟಿ ನಿಲ್ಲುವುದುಂಟು. ಉದ್ದನೆಯ ತೆಳ್ಳನೆಯ ವೈರು ಎಳೆದರೆ ಇದು ಇನ್ನೂ ಹೆಚ್ಚುತ್ತದೆ. ವೈರಿನ ಬದಲು ಗಾಳಿಯ ಪೈಪನ್ನು ಉದ್ದ ಮಾಡುವುದು ಜಾಣತನ. ಹೊಲದ ಅಂಚಿನಲ್ಲಿ ಶುಂಠಿಯನ್ನು ಲೋಡು ಮಾಡುವಲ್ಲಿ ವಿದ್ಯುತ್ತೇ ಇರದು. ಅಲ್ಲಿಗೆ ಪೆಟ್ರೋಲ್ ಎಂಜಿನಿನ ಕಂಪ್ರೆಸರ್ ಬೇಕು. ಜನರೇಟರಿನಿಂದ ಮೋಟಾರು ಓಡಿಸುವವರು, ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ ಎಂಬುದನ್ನು ಗಮನಿಸಬೇಕು.

ಮಲೆನಾಡು, ಅರೆಮಲೆನಾಡಿನ ತೇವದ ಹವೆಯಲ್ಲಿ ಟ್ಯಾಂಕಿನೊಳಗೆ ನೀರು ಬೇಗ ಸಂಗ್ರಹವಾಗುತ್ತದೆ. ತಳದ ಕೊಳಾಯಿ ತಿರುಗಿಸಿ ದಿನವೂ ಆ ನೀರನ್ನು ಬಿಡದಿದ್ದರೆ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಟ್ಯಾಂಕು ಒಡೆದರೆ ಬಾಂಬಿಗೆ ಸಮಾನ. ಹಳೆಯ ಯಂತ್ರ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರು ಟ್ಯಾಂಕಿನ ಸ್ಥಿತಿ ಮತ್ತು ಸೇಫ್ಟಿ ವಾಲ್ವ್ ಪರೀಕ್ಷಿಸದೆ ಹಣ ಕೊಡಬಾರದು.

ಗಾಳಿ ತುಂಬುವ ಕೆಲಸವೇ ಅಪಾಯದ್ದು. 2022ರ ಮೇ ತಿಂಗಳಲ್ಲಿ ಛತ್ತೀಸಗಢದ ರಾಯಪುರದ ಸಿಲ್ತಾರಾ ಕೈಗಾರಿಕಾ ಪ್ರದೇಶದಲ್ಲಿ ಭಾರೀ ಯಂತ್ರವೊಂದರ ಟಯರಿಗೆ ಗಾಳಿ ತುಂಬುವಾಗ ಅದು ಸಿಡಿದು ಇಬ್ಬರು ಕೆಲಸಗಾರರು ಅಸುನೀಗಿದರು. ಲಾಕ್ ರಿಂಗ್ ಇರುವ ಚಕ್ರಗಳಲ್ಲಿ ಆ ಉಂಗುರವೇ ಹಾರಿ ಬರುವ ಭಯವೂ ಇದೆ. ಕಚ್ಚಿಕೊಳ್ಳುವ ನಾಜಲ್, ಕನಿಷ್ಠ ಮೂರು ಮೀಟರ್ ಪೈಪು, ಪೈಪಿನ ನಡುವೆ ಗೇಜು, ಟಯರಿನ ಎದುರಿಗಲ್ಲದೆ ಪಕ್ಕಕ್ಕೆ ಸರಿದು ನಿಲ್ಲುವ ಶಿಸ್ತು ಇವಿಷ್ಟೂ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಹಚ್ಚಬಾರದು. ಕೆಲಸಗಾರನಿಗೆ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕನದೇ.

ತೆರಿಗೆ ಮತ್ತು ಲೆಕ್ಕಪತ್ರ

ಕಂಪ್ರೆಸರಿನ ಮೇಲಿನ ಜಿ.ಎಸ್.ಟಿ. ಶೇ. 18. ಯಂತ್ರದ ಬೆಲೆ 40,000 ರೂ. ಎಂದಿಟ್ಟುಕೊಂಡರೆ ತೆರಿಗೆ 7,200 ರೂ. ಸೇರಿ 47,200 ರೂ. ಆಗುತ್ತದೆ. ತೆರಿಗೆಗೆ ಒಳಪಟ್ಟ ಸರಕನ್ನು ಮಾರುವ ನೋಂದಾಯಿತ ವ್ಯಾಪಾರಿಗೆ, ಉದಾಹರಣೆಗೆ ಅಡಿಕೆ ವರ್ತಕರಿಗೆ, ಈ 7,200 ರೂ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಮರಳಿ ದೊರೆಯುತ್ತದೆ. ಹಸಿ ಶುಂಠಿ ಅಥವಾ ಪ್ಯಾಕ್ ಮಾಡದೆ ಮಾರುವ ಅಕ್ಕಿಯಂತಹ ವಿನಾಯಿತಿ ಸರಕನ್ನು ಮಾತ್ರ ಮಾರುವವರಿಗೂ ಕಾಂಪೋಸಿಷನ್ ಪದ್ಧತಿಯಲ್ಲಿರುವವರಿಗೂ ಅದು ದೊರೆಯದು. ಎರಡೂ ಬಗೆಯ ವ್ಯವಹಾರ ಇರುವವರಿಗೆ ಪ್ರಮಾಣಕ್ಕೆ ತಕ್ಕಷ್ಟು. ಒಂದೇ ಯಂತ್ರ, ಒಂದೇ ಬಿಲ್ಲು. ಆದರೆ ಪಕ್ಕಪಕ್ಕದ ಎರಡು ಮಳಿಗೆಗಳಿಗೆ ಅದರ ನಿಜ ಬೆಲೆ ಬೇರೆ ಬೇರೆ.

ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರಗಳಿಗೆ ಇಳಿಕೆ ಮೌಲ್ಯದ ಮೇಲೆ ವರ್ಷಕ್ಕೆ ಶೇ. 15 ಸವಕಳಿ ಇದೆ. ಖರೀದಿಯ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ತೆರಿಗೆ ಕ್ರೆಡಿಟ್ ಪಡೆದವರು ಆ ತೆರಿಗೆ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಒಬ್ಬ ಮಾರಾಟಗಾರನಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟು ಕೊಂಡರೆ ಆ ಮೊತ್ತ ಸವಕಳಿಯ ಲೆಕ್ಕಕ್ಕೇ ಬರದು. ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಪ್ರತ್ಯೇಕ ಸವಕಳಿ ಇಲ್ಲ. ಬಿಲ್ಲಿಲ್ಲದೆ ಸ್ವಲ್ಪ ಅಗ್ಗಕ್ಕೆ ಕೊಳ್ಳುವುದರಿಂದ ಕ್ರೆಡಿಟ್, ಸವಕಳಿ, ವಾರಂಟಿ ಮೂರೂ ಕೈತಪ್ಪುತ್ತವೆ.

ಯಾರಿಗೆ ಯಾವುದು ಹಿತ

ಎಲ್ಲರೂ ಕಂಪ್ರೆಸರ್ ಕೊಳ್ಳಲೇಬೇಕೆಂದೇನೂ ಇಲ್ಲ. ಒಂದೇ ಟ್ರೇಲರ್ ಇರುವವರು ಕೊಳ್ಳಬೇಕಾದ್ದು ಕಂಪ್ರೆಸರ್ ಅಲ್ಲ, ಒಳ್ಳೆಯ ಗೇಜು. ಬೆಳಿಗ್ಗೆ ಟಯರು ತಣ್ಣಗಿರುವಾಗ ಒತ್ತಡ ಅಳೆದು, ಕಡಿಮೆಯಾದುದನ್ನು ಶಿರಾಳಕೊಪ್ಪದ್ದೋ ಆನವಟ್ಟಿಯದ್ದೋ ಹತ್ತಿರದ ಪಂಚರ್ ಅಂಗಡಿಯಲ್ಲಿ ತುಂಬಿಸಿಕೊಂಡರೆ ಸಾಕು. ಪುಟ್ಟ 12 ವೋಲ್ಟಿನ ಯಂತ್ರವನ್ನು ಮಾಲೀಕರ ಕಾರಿಗೆ ಇಟ್ಟುಕೊಳ್ಳುವುದಕ್ಕೆ ಆಕ್ಷೇಪವಿಲ್ಲ. ಅದನ್ನು ಟ್ರೇಲರಿನ ಭರವಸೆಯಾಗಿ ಕೊಳ್ಳುವುದು ಮಾತ್ರ ಹಣ ಕೊಟ್ಟು ಧೈರ್ಯ ಕೊಂಡಂತೆ, ಗಾಳಿ ಕೊಂಡಂತಲ್ಲ.

ನಾಲ್ಕಾರು ವಾಹನಗಳಿರುವ ಗಿರಣಿ ಅಥವಾ ಇಟ್ಟಿಗೆ ಕಾರ್ಖಾನೆಗೆ ಸ್ವಂತ ಯಂತ್ರ ಲಾಭಕರ. ಉಳಿದ ಸಣ್ಣ ವರ್ತಕರಿಗೆ ಹೆಚ್ಚು ಒಪ್ಪುವುದು ಪಾಲುದಾರಿಕೆ. ಮೇಲಿನ 47,200 ರೂ. ಯಂತ್ರವನ್ನು ಪ್ರಾಂಗಣದ ಎಂಟು ಮಂದಿ ಸೇರಿ ಕೊಂಡರೆ ತಲಾ 5,900 ರೂ. ಬೀಳುತ್ತದೆ. ಅಂಥ ಖರೀದಿಯಲ್ಲಿ ಬಿಲ್ಲು ಯಾರ ಹೆಸರಿಗೆ, ಕ್ರೆಡಿಟ್ ಯಾರಿಗೆ, ದುರಸ್ತಿಯ ಖರ್ಚು ಯಾರದು ಎಂಬುದು ಮೊದಲೇ ಬರಹದಲ್ಲಿರಬೇಕು. ಹತ್ತಿರದ ಪಂಚರ್ ಅಂಗಡಿಯವರಿಗೇ ಯಂತ್ರ ಒಪ್ಪಿಸಿ, ವಾಹನಕ್ಕಿಷ್ಟು ಎಂದು ದರ ಗೊತ್ತುಮಾಡುವುದು ಇನ್ನೂ ಒಳ್ಳೆಯದು. ಯಂತ್ರ ಎಲ್ಲರದಾದಾಗ ನೀರು ಬಿಡುವವರು ಯಾರೂ ಇರುವುದಿಲ್ಲ. ಒಬ್ಬರ ಹೊಟ್ಟೆಪಾಡು ಅದಕ್ಕೆ ಅಂಟಿಕೊಂಡಾಗ ಯಂತ್ರ ಬಾಳುತ್ತದೆ, ಕೆಲಸ ಬಲ್ಲವನ ಕೈಯೂ ಸಿಗುತ್ತದೆ.

ಮೆಕ್ಕೆಜೋಳದ ರಾಶಿ ಏಳುವ ಮೊದಲೇ ವರ್ತಕರ ಸಂಘಗಳು ತಮ್ಮ ಸದಸ್ಯರ ವಾಹನಗಳ ಟಯರಿನ ಅಳತೆ ಮತ್ತು ಬೇಕಾದ ಒತ್ತಡದ ಪಟ್ಟಿ ಮಾಡಿಕೊಳ್ಳುವುದು ಸೂಕ್ತ. ಆ ಪಟ್ಟಿ ಕೈಯಲ್ಲಿದ್ದರೆ ಯಾವ ಯಂತ್ರ ಬೇಕು ಎಂಬ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ. ಪಟ್ಟಿಯಿಲ್ಲದೆ ಅಂಗಡಿಗೆ ಹೋದವರಿಗೆ ಸಿಗುವುದು ಅಂಗಡಿಯವನು ಮಾರಬೇಕೆಂದಿದ್ದ ಯಂತ್ರ.