ತಿರುಗೋ ನರ್ತಕಿ, ಹಚ್ಚೋ ಹಣೆಪಟ್ಟಿ

ಆಫೀಸಿನ ವಾಟ್ಸಾಪ್ ಗುಂಪಿಗೆ ಆ ತಿರುಗುವ ನರ್ತಕಿ ಮತ್ತೆ ಬಂದಿದ್ದಾಳೆ. ಗಡಿಯಾರದ ಮುಳ್ಳಿನಂತೆ ತಿರುಗಿದರೆ ನೀವು ಬಲಮಿದುಳಿನ ಕಲಾವಿದರು, ಉಲ್ಟಾ ತಿರುಗಿದರೆ ಎಡಮಿದುಳಿನ ಲೆಕ್ಕದವರು ಅಂತೆ!

ಅಲ್ಲಾ ಸ್ವಾಮಿ, ಇದು 2003ರಲ್ಲಿ ಜಪಾನಿನ ನೊಬುಯುಕಿ ಕಯಹರಾ ಮಾಡಿದ ಬರೀ ಕಪ್ಪು ನೆರಳು. ಯಾವ ಕಾಲು ಮುಂದಿದೆ, ಯಾವುದು ಹಿಂದಿದೆ ಅನ್ನೋ ಸುಳಿವೇ ಅದರಲ್ಲಿಲ್ಲ. ಹಾಗಾಗಿ ಎರಡು ದಿಕ್ಕೂ ಸರಿ. ಸ್ವಲ್ಪ ಹೊತ್ತು ಪಾದವನ್ನಷ್ಟೇ ನೋಡ್ತಿರಿ, ದಿಕ್ಕು ಬದಲಾಗಬಹುದು. ಅಷ್ಟಕ್ಕೇ ಕವಿ ಆಗಿಬಿಟ್ರಾ?

ಮಿದುಳಿನ ಎರಡು ಭಾಗಕ್ಕೂ ಬೇರೆ ಬೇರೆ ಕೆಲಸ ಇರೋದು ನಿಜ. ಹೆಚ್ಚಿನವರಲ್ಲಿ ಮಾತು ಎಡಭಾಗದ್ದು. ಆದರೆ ಎರಡರ ನಡುವೆ ಸೇತುವೆಯೂ ಇದೆ, ಸಾಗಾಟ ನಿಲ್ಲೋದಿಲ್ಲ. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್ ನೋಡಿದರು. ಎಡದವರು, ಬಲದವರು ಅನ್ನೋ ಎರಡು ಜಾತಿ ಸಿಗಲೇ ಇಲ್ಲ.

ನನ್ನ ಸಿಟ್ಟು ಆಟದ ಮೇಲಲ್ಲ. "ಅವನು ಲೆಫ್ಟ್ ಬ್ರೈನ್, ಡಿಸೈನ್ ಅವನಿಗೆ ಬೇಡ" ಅಂತ ತಂಡದಲ್ಲಿ ಹಣೆಪಟ್ಟಿ ಹಚ್ತಾರಲ್ಲ, ಅದರ ಮೇಲೆ. ಊರಲ್ಲಿ ನಮ್ಮಮ್ಮ ಚುಕ್ಕಿ ಎಣಿಸಿ ಇಡ್ತಾಳೆ, ಅದೇ ಕೈಯಲ್ಲಿ ರಂಗೋಲಿಯ ಎಳೆ ಎಳೀತಾಳೆ. ಅವಳದ್ದು ಯಾವ ಮಿದುಳು ಹೇಳಿ?

ಯಾರಿಗೆ ಏನು ಬರುತ್ತೆ ಅಂತ ತಿಳೀಬೇಕಾ? ನರ್ತಕೀನ ತೋರಿಸಬೇಡಿ, ಕೆಲಸ ಕೊಟ್ಟು ನೋಡಿ.